ಡ್ರೈವ್ ಕ್ಲಚ್ ಬಿಚ್ಚುವ ಮುಂಚೆ ಬೆಲ್ಟ್ ನೋಡಿ

ಪ್ರಶ್ನೆ: ನೆಲದ ಮೇಲೂ ನೀರಿನಲ್ಲೂ ಓಡುವ ಆರು ಚಕ್ರದ ಗಾಡಿ. ಆಕ್ಸಿಲರೇಟರ್ ಮುಟ್ಟದಿದ್ದರೂ ಗೇರ್ ಹಾಕಿದ ಕೂಡಲೇ ಮುಂದಕ್ಕೆ ತೆವಳುತ್ತದೆ. ರಿವರ್ಸ್ ಹಾಕಲು ಹೋದರೆ ಗೇರ್‌ಬಾಕ್ಸ್ ಕರಕರ ಎನ್ನುತ್ತದೆ. ಡ್ರೈವ್ ಕ್ಲಚ್ ಬದಲಿಸಬೇಕೇ?

ಉತ್ತರ: ಅಷ್ಟು ಬೇಗ ಬದಲಿಸಲು ಹೋಗಬೇಡಿ. ಎಂಜಿನ್ ಶಾಫ್ಟಿನ ತುದಿಯಲ್ಲಿರುವುದು ಡ್ರೈವ್ ಕ್ಲಚ್, ಗೇರ್‌ಬಾಕ್ಸ್ ಕಡೆಯದು ಡ್ರಿವನ್ ಕ್ಲಚ್, ಎರಡರ ನಡುವೆ ಬೆಲ್ಟ್. ಗೇರಿಲ್ಲದ ಸ್ಕೂಟರಿನಲ್ಲೂ ಇಂಥದೇ ಏರ್ಪಾಡು. ಎಂಜಿನ್ ನಿಧಾನಕ್ಕೆ ತಿರುಗುವಾಗ ಡ್ರೈವ್ ಕ್ಲಚ್ಚಿನ ಸ್ಪ್ರಿಂಗ್ ಎರಡು ತಟ್ಟೆಗಳನ್ನು ದೂರ ಇಟ್ಟಿರುತ್ತದೆ, ಬೆಲ್ಟ್ ಸಡಿಲವಾಗಿ ಕೂತಿರುತ್ತದೆ. ವೇಗ ಏರಿದಾಗ ಒಳಗಿನ ತೂಕಗಳು ಹೊರಕ್ಕೆ ಸರಿದು ತಟ್ಟೆಯನ್ನು ಒತ್ತುತ್ತವೆ, ಆಗ ಬೆಲ್ಟಿಗೆ ಹಿಡಿತ ಸಿಗುತ್ತದೆ. ಗಾಡಿ ತೆವಳುತ್ತಿದೆ ಎಂದರೆ ತಟ್ಟೆಗಳು ಬೆಲ್ಟನ್ನು ಬಿಡುತ್ತಿಲ್ಲ ಎಂದರ್ಥ. ಗೇರ್ ಕರಕರ ಎನ್ನುವುದೂ ಅದಕ್ಕೇ: ಗೇರ್‌ಬಾಕ್ಸಿನ ಶಾಫ್ಟ್ ನಿಲ್ಲದೆ ತಿರುಗುತ್ತಲೇ ಇರುವಾಗ ಹಲ್ಲಿಗೆ ಹಲ್ಲು ಕೂರುವುದಿಲ್ಲ.

ಮೊದಲು ಐಡಲ್ ವೇಗ, ಅಂದರೆ ಆಕ್ಸಿಲರೇಟರ್ ಮುಟ್ಟದಿರುವಾಗ ಎಂಜಿನ್ ತಿರುಗುವ ವೇಗ, ನೋಡಿ. ಮ್ಯಾನುಯಲ್ಲಿನಲ್ಲಿ ಕೊಟ್ಟಿದ್ದಕ್ಕಿಂತ ಹೆಚ್ಚಿದ್ದರೆ ಅದನ್ನು ಇಳಿಸಿ, ಬಹಳ ಸಲ ತೊಂದರೆ ಅಲ್ಲಿಗೇ ಮುಗಿಯುತ್ತದೆ. ಥ್ರಾಟಲ್ (ಆಕ್ಸಿಲರೇಟರ್) ಕೇಬಲ್ ಬಿಗಿಯಾಗಿದ್ದರೂ ವೇಗ ಏರಿಯೇ ಇರುತ್ತದೆ. ಇತ್ತೀಚೆಗೆ ಬೆಲ್ಟ್ ಬದಲಿಸಿದ್ದರೆ ಪಾರ್ಟ್ ನಂಬರ್ ತಾಳೆ ನೋಡಿ. ಬೆಲ್ಟ್ ಸ್ವಲ್ಪ ಗಿಡ್ಡವಿದ್ದರೂ ಅಗಲ ಹೆಚ್ಚಿದ್ದರೂ ತಟ್ಟೆ ತೆರೆದಿರುವಾಗಲೇ ಸಿಕ್ಕಿಕೊಳ್ಳುತ್ತದೆ.

ಇವೆರಡೂ ಸರಿಯಿದ್ದರೆ ಎಂಜಿನ್ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ಗಿನ ವೈರ್ ಕಿತ್ತು, ಬೆಲ್ಟ್ ಮುಚ್ಚಿರುವ ಗಾರ್ಡ್ ತೆಗೆಯಿರಿ. ಡ್ರೈವ್ ಕ್ಲಚ್ಚಿನಲ್ಲಿ ಬೆಲ್ಟ್ ತಟ್ಟೆಗಳ ನಡುವೆ ತಳಕ್ಕೆ ಇಳಿದು, ಎರಡೂ ಪಕ್ಕದಲ್ಲಿ ಸಂದು ಕಾಣಬೇಕು. ಮೇಲೆಯೇ ಸಿಕ್ಕಿಕೊಂಡಿದ್ದರೆ ಚಲಿಸುವ ತಟ್ಟೆ ಹಿಂದಕ್ಕೆ ಬಂದಿಲ್ಲ. ಸ್ಪ್ರಿಂಗ್ ಸೋತಿರಬಹುದು, ಮುರಿದಿರಬಹುದು, ಅಥವಾ ತಟ್ಟೆಯೇ ಶಾಫ್ಟಿನ ಮೇಲೆ ಹಿಡಿದುಕೊಂಡಿರಬಹುದು. ನೀರಿಗಿಳಿಯುವ ಗಾಡಿಗಳಲ್ಲಿ ಹೆಚ್ಚಾಗಿ ಆಗುವುದು ಈ ಕೊನೆಯದೇ: ತೇವಕ್ಕೆ ತುಕ್ಕು ಹಿಡಿಯುತ್ತದೆ, ಅದರ ಮೇಲೆ ಬೆಲ್ಟಿನ ಕಪ್ಪು ಪುಡಿ ಅಂಟುತ್ತದೆ. ಕ್ಲಚ್ ಹೊರತೆಗೆದು ಸ್ಪ್ರಿಂಗ್ ಇಲ್ಲದೆ ತಟ್ಟೆಯನ್ನು ಕೈಯಲ್ಲಿ ಆಡಿಸಿ. ಈ ತುದಿಯಿಂದ ಆ ತುದಿಗೆ ಎಲ್ಲೂ ಕಚ್ಚದೆ ಜಾರಬೇಕು, ಪಕ್ಕಕ್ಕೆ ಅಲ್ಲಾಡಬಾರದು. ಅಲ್ಲಾಡಿದರೆ ಬುಷ್ (ತಟ್ಟೆ ಜಾರಲು ಒಳಗಿರುವ ಕೊಳವೆ) ಸವೆದಿದೆ. ಒಳಗಿನ ತೂಕಗಳ ರೋಲರ್‌ಗಳನ್ನು ಒಂದೊಂದಾಗಿ ಬೆರಳಲ್ಲಿ ತಿರುಗಿಸಿ; ಒಂದು ಕಡೆ ಚಪ್ಪಟೆಯಾಗಿದ್ದರೆ ಅದೊಂದನ್ನೇ ಅಲ್ಲ, ಇಡೀ ಸೆಟ್ ಹಾಕಿ. ಇಲ್ಲದಿದ್ದರೆ ತೂಕದ ಸಮತೋಲ ತಪ್ಪುತ್ತದೆ.

ಕ್ಲಚ್ಚಿನ ಮುಚ್ಚಳ ಬಿಚ್ಚುವಾಗ ಎಚ್ಚರ. ಒಳಗೆ ಸ್ಪ್ರಿಂಗ್ ಅದುಮಿಕೊಂಡಿರುತ್ತದೆ. ಮೊದಲು ಮಾರ್ಕರಿನಲ್ಲಿ ಮುಚ್ಚಳ, ತಟ್ಟೆ ಎರಡಕ್ಕೂ ಅಡ್ಡಲಾಗಿ ಒಂದೇ ಗೆರೆ ಎಳೆಯಿರಿ. ಆಮೇಲೆ ಎದುರುಬದುರಿನ ಬೋಲ್ಟ್‌ಗಳನ್ನು ಒಂದೆರಡು ಸುತ್ತಿನಂತೆ ಸಡಿಲಿಸುತ್ತ, ಮುಚ್ಚಳವನ್ನು ಗಟ್ಟಿಯಾಗಿ ಅದುಮಿಕೊಂಡಿರಿ. ಮತ್ತೆ ಜೋಡಿಸುವಾಗ ಆ ಗೆರೆ ಕೂಡಿಬರಲೇಬೇಕು.

ಪ್ರಶ್ನೆ: ಬೆಲ್ಟ್ ಒಂದು ಜಾಗದಲ್ಲಿ ಮಾತ್ರ ಸವೆದು ಸೊಂಟದಂತೆ ಸಣ್ಣಗಾಗಿದೆ. ಹೊರಡುವಾಗ ಗಾಡಿ ದಡದಡ ಎನ್ನುತ್ತದೆ.

ಉತ್ತರ: ಡ್ರಿವನ್ ಕ್ಲಚ್ ನಿಂತಿರುವಾಗ ಡ್ರೈವ್ ಕ್ಲಚ್ ಬೆಲ್ಟನ್ನು ಒಂದೇ ಜಾಗದಲ್ಲಿ ಉಜ್ಜಿದ ಗುರುತು ಅದು. ಕೆಸರಿನಲ್ಲಿ ಹೂತ ಗಾಡಿಗೆ ಹೈ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿದರೆ, ಇಲ್ಲವೇ ಬ್ರೇಕ್ ಹಿಡಿದುಕೊಂಡೇ ಎಂಜಿನ್ ಏರಿಸಿದರೆ ಹೀಗಾಗುತ್ತದೆ. ಈ ಬೆಲ್ಟ್ ಸರಿಹೋಗುವುದಿಲ್ಲ, ಬದಲಿಸಿ. ಆದರೆ ಕಾರಣ ಹುಡುಕದೆ ಹೊಸದು ಹಾಕಬೇಡಿ, ಅದೂ ಹೀಗೇ ಸುಡುತ್ತದೆ. ನ್ಯೂಟ್ರಲ್‌ನಲ್ಲಿ ಸಮತಟ್ಟು ನೆಲದ ಮೇಲೆ ಗಾಡಿ ತಳ್ಳಿ ನೋಡಿ. ತೀರಾ ಭಾರ ಅನ್ನಿಸಿದರೆ ಬ್ರೇಕ್ ಹಿಡಿದುಕೊಂಡಿದೆಯೋ, ಡ್ರೈವ್ ಚೈನ್ ಅತಿ ಬಿಗಿಯೋ, ಆಕ್ಸಲ್ ಬೇರಿಂಗ್ ಹೋಗಿದೆಯೋ ಪರೀಕ್ಷಿಸಿ. ಅಲ್ಲಿನ ಭಾರವನ್ನೆಲ್ಲ ಬೆಲ್ಟೇ ಹೊರುತ್ತದೆ. ಇನ್ನು ಬೆಲ್ಟಿನ ಒಂದೇ ಅಂಚು ನೂಲು ಬಿಡುತ್ತಿದ್ದರೆ ಎರಡು ಕ್ಲಚ್‌ಗಳು ಒಂದೇ ಸಾಲಿನಲ್ಲಿಲ್ಲ. ಎಂಜಿನ್ ಮೌಂಟಿನ ರಬ್ಬರ್ ಹರಿದಿದೆಯೇ ನೋಡಿ.

ಪ್ರಶ್ನೆ: ಕೆರೆಗೆ ಇಳಿಸಿ ಮೇಲೆ ತಂದ ಮೇಲೆ ಎಂಜಿನ್ ಕಿರುಚುತ್ತದೆ, ಗಾಡಿ ಏಳುವುದಿಲ್ಲ. ಕ್ಲಚ್ಚಿಗೆ ಎಣ್ಣೆ ಬಿಡಬಹುದೇ?

ಉತ್ತರ: ಬೇಡವೇ ಬೇಡ. ಬೆಲ್ಟ್ ನಡೆಯುವುದು ಒಣ ತಿಕ್ಕಾಟದ ಮೇಲೆ. ಒಂದು ಹನಿ ಎಣ್ಣೆ ತಟ್ಟೆಗೆ ತಾಗಿದರೂ ಜಾರುತ್ತದೆ. ನಿಮ್ಮದು ಬರೀ ನೀರಿನ ತೊಂದರೆಯಾಗಿದ್ದರೆ ನ್ಯೂಟ್ರಲ್‌ನಲ್ಲಿಟ್ಟು, ಗಾರ್ಡ್ ಹಾಕಿಯೇ, ಅರ್ಧ ನಿಮಿಷ ಎಂಜಿನ್ ಏರಿಸಿ ಇಳಿಸಿ. ನೀರು ಸಿಡಿದು ಹೋಗುತ್ತದೆ. ಆಮೇಲೂ ಜಾರಿದರೆ ತಟ್ಟೆಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಶುಭ್ರ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಎಣ್ಣೆ ಜಿಡ್ಡು ಹತ್ತಿದರೆ ಕ್ರ್ಯಾಂಕ್ ಶಾಫ್ಟಿನ ಸೀಲ್ ಸೋರುತ್ತಿರಬಹುದು, ಅದನ್ನು ಮೊದಲು ಸರಿಪಡಿಸಿ. ನೀರು ಒಳಗೆ ಬಂದ ದಾರಿಯನ್ನೂ ಹುಡುಕಿ: ತಳದ ಡ್ರೈನ್ ಪ್ಲಗ್, ಆಕ್ಸಲ್ ಸೀಲ್, ಕ್ಲಚ್ ಕವರಿನ ಅಂಚು. ನೀರಿನಲ್ಲಿ ಲೋ ಗೇರೇ ಇರಲಿ. ಟಯರುಗಳೇ ಹುಟ್ಟು ಹಾಕುವ ಗಾಡಿ ತೇಲುತ್ತ ಸಾಗುವುದು ಗಂಟೆಗೆ ಕೆಲವೇ ಕಿಲೋಮೀಟರ್.

ಪ್ರಶ್ನೆ: ಡ್ರೈವ್ ಕ್ಲಚ್ ಶಾಫ್ಟಿನಿಂದ ಹೊರಬರುತ್ತಿಲ್ಲ.

ಉತ್ತರ: ಸುತ್ತಿಗೆಯಿಂದ ತಟ್ಟೆಗೆ ಹೊಡೆಯಬೇಡಿ, ಸಂದಿಗೆ ಸಲಾಕೆ ಹಾಕಿ ಮೀಟಬೇಡಿ. ಅಲ್ಯುಮಿನಿಯಂ ತಟ್ಟೆ ಬಾಗುತ್ತದೆ. ಟೇಪರ್ ಶಾಫ್ಟ್ (ತುದಿಯತ್ತ ಸಣ್ಣಗಾಗುವ ಶಾಫ್ಟ್) ಆಗಿದ್ದರೆ ನಡುವಿನ ಬೋಲ್ಟ್ ತೆಗೆದು, ಆ ಮಾಡೆಲಿಗೇ ಹೇಳಿದ, ಕ್ಲಚ್ಚನ್ನು ಹೊರಕ್ಕೆ ತಳ್ಳುವ ಪುಲ್ಲರ್ ಬೋಲ್ಟ್ ಹಾಕಿ. ಉದ್ದ ಬೇರೆಯಾದರೆ ಕ್ರ್ಯಾಂಕಿನ ಮರೆ (ಥ್ರೆಡ್) ಹಾಳಾಗುತ್ತದೆ. ಬಿಗಿ ಮಾಡಿ, ಪುಲ್ಲರಿನ ತಲೆಗೆ ಒಂದು ಪೆಟ್ಟು ಕೊಡಿ, ಮತ್ತೆ ಬಿಗಿ ಮಾಡಿ. ಟಪ್ ಎಂದು ಬಿಡುತ್ತದೆ. ಮತ್ತೆ ಕೂರಿಸುವ ಮುಂಚೆ ಶಾಫ್ಟಿನ ಟೇಪರನ್ನೂ ಕ್ಲಚ್ಚಿನ ಒಳಮೈಯನ್ನೂ ಅಸಿಟೋನ್‌ನಿಂದ ಒರೆಸಿ ಒಣಗಿಸಿ. ಅಲ್ಲಿ ಗ್ರೀಸ್ ಹಚ್ಚಬಾರದು, ಏಕೆಂದರೆ ಹಿಡಿತ ಕೊಡುವುದು ಆ ಒಣ ಲೋಹವೇ. ಬೋಲ್ಟನ್ನು ಬಿಗಿಯ ಅಳತೆ ತೋರಿಸುವ ಟಾರ್ಕ್ ರೆಂಚಿನಲ್ಲಿ, ಮ್ಯಾನುಯಲ್ಲಿನ ಅಳತೆಗೆ ಸರಿಯಾಗಿ ಬಿಗಿ ಮಾಡಿ.