ಅತ್ತೆ ಮಾವನನ್ನು ಬ್ಲ್ಯಾಕ್‌ಪೂಲ್‌ಗೆ ಕರೆದುಕೊಂಡು ಹೋಗು, ತಂಗಿ

ತಂಗಿ, ನಿನ್ನ ಪ್ರಶ್ನೆ ಓದಿದೆ. ಮ್ಯಾಂಚೆಸ್ಟರ್‌ಗೆ ಬಂದು ನಾಲ್ಕೇ ತಿಂಗಳಾಯ್ತು, ಆಗಸ್ಟ್ ಕೊನೆಗೆ ಧಾರವಾಡದಿಂದ ಅತ್ತೆ ಮಾವ ಬರುತ್ತಾರೆ, ಅವರಿಗೆ ಇಲ್ಲಿಯ ಸಮುದ್ರ ತೋರಿಸಬೇಕು ಅಂದಿದ್ದೀಯ. ಇಂಗ್ಲೆಂಡಿನ ವಾಯವ್ಯ ಕರಾವಳಿಯ ಬ್ಲ್ಯಾಕ್‌ಪೂಲ್ ಅಂದರೆ ಸಾಕು, ಆಫೀಸಿನವರೆಲ್ಲ ‘ಅದು ಹಾಳುಬಿದ್ದ ಊರು, ಬೇಡ’ ಅನ್ನುತ್ತಾರಂತೆ. ಹೋಗಲಾ ಅಕ್ಕಾ, ಬೇಡವಾ ಅಂತ ಕೇಳಿದ್ದೀಯ.

ಹೋಗು. ಖಂಡಿತ ಹೋಗು.

ಸಮುದ್ರದ ಮಾತು ಮೊದಲು ಮುಗಿಸಿಬಿಡುತ್ತೇನೆ. ಗೋಕರ್ಣ ನೋಡಿದವರಿಗೆ ಈ ನೀರು ಮನಸ್ಸಿಗೆ ಹಿಡಿಸುವುದು ಕಷ್ಟ. ಬೂದು ಬಣ್ಣ, ಆಗಸ್ಟ್‌ನಲ್ಲೂ 16-17 ಡಿಗ್ರಿ, ಮೇಲೆ ಬಿಡದೆ ಬೀಸುವ ಗಾಳಿ. ಆದರೆ ಉಬ್ಬರ ಇಳಿತ ಮಾತ್ರ ನೋಡುವಂಥದ್ದು. ಕಾರವಾರದಲ್ಲಿ ನೀರು ಒಂದೆರಡು ಮೀಟರ್ ಏರಿ ಇಳಿಯುತ್ತದೆ, ಅಷ್ಟೆ. ಇಲ್ಲಿ ಹುಣ್ಣಿಮೆ, ಅಮಾವಾಸ್ಯೆ ಆಸುಪಾಸು ಎಂಟು ಮೀಟರ್‌ವರೆಗೂ ಹೋಗುತ್ತದೆ. ಇಳಿದಾಗ ಕಣ್ಣು ಹಾಯಿಸಿದಷ್ಟೂ ಒದ್ದೆ ಮರಳು, ಏರಿದಾಗ ಮರಳೇ ಇಲ್ಲ, ಅಲೆ ನೇರ ಮೆಟ್ಟಿಲಿಗೇ ಬಡಿಯುತ್ತದೆ. ಅದಕ್ಕೇ ಹೊರಡುವ ಮುಂಚೆ ಆ ದಿನದ ಉಬ್ಬರದ ಸಮಯ ಫೋನಿನಲ್ಲಿ ನೋಡಿಕೋ. ನಿನ್ನ ಮಗನನ್ನು ನೀರು ಹುಡುಕಿಕೊಂಡು ದೂರ ಹೋಗಲು ಬಿಡಬೇಡ, ನೀರು ತಿರುಗಿ ಬರುವಾಗ ಬೇಗ ಬರುತ್ತದೆ. ನೀರಿಗೆ ಇಳಿಯುವುದಾದರೆ ಕೆಂಪು ಹಳದಿ ಬಾವುಟಗಳ ಮಧ್ಯೆ ಮಾತ್ರ. ಏನಾದರೂ ಆದರೆ 999ಕ್ಕೆ ಫೋನ್ ಮಾಡಿ ಕೋಸ್ಟ್‌ಗಾರ್ಡ್ ಅಂತ ಕೇಳಬೇಕು.

ಈಗ ಊರಿನ ವಿಷಯ. ರೈಲು ಇಲ್ಲಿಗೆ ಬಂದದ್ದು 1846ರಲ್ಲಿ. ಸುತ್ತಲಿನ ಲಂಕಾಶೈರ್ ಸೀಮೆಯ ಹತ್ತಿ ಗಿರಣಿ ಊರುಗಳಲ್ಲಿ ವರ್ಷಕ್ಕೆ ಒಂದು ವಾರ ಗಿರಣಿಗಳೆಲ್ಲ ಒಟ್ಟಿಗೆ ಬಾಗಿಲು ಹಾಕುತ್ತಿದ್ದವು. ಅದಕ್ಕೆ ವೇಕ್ಸ್ ವೀಕ್ ಅಂತ ಹೆಸರು. ಈ ವಾರ ಒಂದು ಊರಿನದು, ಮುಂದಿನ ವಾರ ಇನ್ನೊಂದು ಊರಿನದು. ಮೊದಮೊದಲು ಆ ವಾರಕ್ಕೆ ಸಂಬಳ ಇರುತ್ತಿರಲಿಲ್ಲ. ವರ್ಷವಿಡೀ ಚೀಟಿ ಹಾಕಿದ ಹಾಗೆ ಪೆನ್ನಿ ಪೆನ್ನಿ ಕೂಡಿಟ್ಟು, ಬೀದಿಗೆ ಬೀದಿಯೇ ರೈಲು ಹತ್ತಿ ಬ್ಲ್ಯಾಕ್‌ಪೂಲ್‌ಗೆ ಬರುತ್ತಿತ್ತು. ನಮ್ಮಲ್ಲಿ ಇಡೀ ಊರು ಜಾತ್ರೆಗೆ ಹೋಗುತ್ತದಲ್ಲ, ಹಾಗೆ. ಸಮುದ್ರದೊಳಕ್ಕೆ ಚಾಚಿದ ಮೂರು ಕಟ್ಟೆಗಳು (ಪಿಯರ್), 1885ರಿಂದ ಓಡುವ ಎಲೆಕ್ಟ್ರಿಕ್ ಟ್ರ್ಯಾಮ್, ಪ್ಯಾರಿಸ್ಸಿನ ಐಫೆಲ್ ಗೋಪುರ ನೋಡಿ 1894ರಲ್ಲಿ ಎಬ್ಬಿಸಿದ 158 ಮೀಟರ್ ಟವರ್, ಎಲ್ಲವೂ ಆ ಜನಕ್ಕಾಗಿ ಆದದ್ದು.

ಮಾವನವರಿಗೆ ಒಂದು ಮಾತು ಹೇಳು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಆ ಗಿರಣಿಗಳಿಗೆ ಹತ್ತಿ ಬರುವುದು ನಿಂತಾಗ, ಧಾರವಾಡ ಸೀಮೆಯ ಹತ್ತಿಗೆ ಇಲ್ಲಿ ಬೇಡಿಕೆ ಬಂತು. ಅದನ್ನು ಸಾಗಿಸಲಿಕ್ಕೇ ಕಾರವಾರದ ಬಂದರು ಬೆಳೆಸಬೇಕು ಅಂತ ಮ್ಯಾಂಚೆಸ್ಟರ್‌ನವರು ಒತ್ತಾಯ ಮಾಡಿದ್ದರು. ನನ್ನ ಅಪ್ಪನೂ ಹತ್ತಿ ಬೆಳೆದವರೇ. ಅದಕ್ಕೇ ಈ ಊರು ನನಗೆ ಪರಊರು ಅನಿಸುವುದೇ ಇಲ್ಲ.

1960-70ರ ಹೊತ್ತಿಗೆ ಅಗ್ಗದ ವಿಮಾನ ಬಂತು, ಜನ ಬಿಸಿಲು ಹುಡುಕಿ ಸ್ಪೇನ್‌ಗೆ ಹೊರಟರು. ಗಿರಣಿಗಳೂ ಮುಚ್ಚಿದವು. ನಿನ್ನ ಆಫೀಸಿನವರು ಹೇಳುವುದು ಸುಳ್ಳಲ್ಲ. ಸಮುದ್ರದ ಪಕ್ಕದ ದೊಡ್ಡ ದಾರಿಗೆ ಪ್ರಾಮನೇಡ್ ಅಂತ ಹೆಸರು, ಎಲ್ಲರ ಬಾಯಲ್ಲಿ ಪ್ರಾಮ್. ಅದನ್ನು ಬಿಟ್ಟು ಎರಡು ಬೀದಿ ಒಳಗೆ ಹೋದರೆ ಬಣ್ಣ ಕಿತ್ತ ಬಿ ಅಂಡ್ ಬಿ (ರಾತ್ರಿ ತಂಗಲು ಕೋಣೆ, ಬೆಳಗಿನ ತಿಂಡಿ ಕೊಡುವ) ಮನೆಗಳು, ಮುಚ್ಚಿದ ಅಂಗಡಿಗಳು. ಇಂಗ್ಲೆಂಡಿನ ತೀರ ಬಡ ಊರುಗಳಲ್ಲಿ ಇದೂ ಒಂದು. ಆದರೂ ಜನ ಬರುವುದು ಬಿಟ್ಟಿಲ್ಲ. ಅಜ್ಜಿ, ಮಗಳು, ಮೊಮ್ಮಕ್ಕಳು ಒಟ್ಟಿಗೆ ಬರುತ್ತಾರೆ. ಈ ದೇಶದ ದುಡಿಯುವ ಜನ ಮನಸ್ಸು ಬಿಚ್ಚಿ ನಗುವುದನ್ನು ನಾನು ಮೊದಲು ನೋಡಿದ್ದು ಇಲ್ಲೇ.

ಒಂದೇ ಜಾಗ ನೋಡಲು ಸಮಯ ಇದ್ದರೆ ಟವರ್ ಬಾಲ್‌ರೂಮ್‌ಗೆ, ಅಂದರೆ ಜೋಡಿಯಾಗಿ ಕುಣಿಯುವ ದೊಡ್ಡ ಹಾಲ್‌ಗೆ ಹೋಗು. ಟವರ್‌ನ ಬುಡದ ಕಟ್ಟಡದಲ್ಲೇ ಇದೆ. ಈಗಿರುವುದು 1899ರದ್ದು. ಬಂಗಾರ ಬಣ್ಣದ ಬಾಲ್ಕನಿ, ಚಿತ್ರ ಬರೆದ ಚಾವಣಿ, ಕೆಳಗೆ 30 ಸಾವಿರಕ್ಕೂ ಜಾಸ್ತಿ ಮರದ ತುಂಡು ಜೋಡಿಸಿದ ನೆಲ. ವರ್ಲಿಟ್ಜರ್ ಆರ್ಗನ್ ಎಂಬ ದೊಡ್ಡ ವಾದ್ಯ ವಾದಕನ ಸಮೇತ ವೇದಿಕೆಯ ಒಳಗಿನಿಂದ ಮೇಲೆದ್ದು ಬರುತ್ತದೆ. ಮಧ್ಯಾಹ್ನ ವಯಸ್ಸಾದ ಜೋಡಿಗಳು ಶೂ ಬದಲಿಸಿಕೊಂಡು ಕುಣಿಯುತ್ತಾರೆ.

ನನ್ನ ಅಮ್ಮ ಬಂದಾಗ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಇಳಕಲ್ ಸೀರೆ ಮೇಲೆ ನನ್ನ ಕೋಟು. ಪಕ್ಕದ ಮೇಜಿನ ಅಜ್ಜಿಯೊಬ್ಬರು ಸೀರೆಯ ಸೆರಗನ್ನೇ ನೋಡುತ್ತಿದ್ದರು. ಆಮೇಲೆ ಎದ್ದು ಬಂದು, ಮುಟ್ಟಲಾ ಅಂತ ಕೈಸನ್ನೆ ಮಾಡಿ, ಅಂಚನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದರು. ಹದಿನೈದನೇ ವಯಸ್ಸಿಗೆ ನೇಯ್ಗೆ ಗಿರಣಿಗೆ ಸೇರಿದವರಂತೆ. ಮಗ್ಗದ ಸದ್ದಿನಲ್ಲಿ ಮಾತು ಕೇಳಿಸುತ್ತಿರಲಿಲ್ಲ. ಅಲ್ಲಿಯ ಹೆಂಗಸರು ತುಟಿ ದೊಡ್ಡದಾಗಿ ಆಡಿಸಿ, ಕೈ ಬೀಸಿ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದರು. ಅಮ್ಮನ ಜೊತೆಗೂ ಹಾಗೇ ಮಾತಾಡಿದರು. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ, ಆದರೂ ಅರ್ಧ ಗಂಟೆ ಇಬ್ಬರ ಮಾತು ನಿಲ್ಲಲಿಲ್ಲ. ನಾನು ಸುಮ್ನೆ ಟೀ ಕುಡಿಯುತ್ತಾ ಕೂತಿದ್ದೆ. ರೈಲಿನಲ್ಲಿ ಅಮ್ಮ ಹೇಳಿದ್ದು, ‘ಪಾಪ, ಆಕಿಗೆ ಎಡಗಿವಿ ಕೇಳಂಗಿಲ್ಲ, ಗಿರಣ್ಯಾಗ ಹೋತಂತ.’ ಅದು ಅವಳಿಗೆ ಹೇಗೆ ತಿಳಿಯಿತೋ!

ಊಟದ ವಿಷಯ ಸ್ವಲ್ಪ ಗಮನ ಕೊಡು. ಅತ್ತೆ ಮಾವ ಸಸ್ಯಾಹಾರಿಗಳು ಅಂದಿದ್ದೀಯ. ಇಂಗ್ಲೆಂಡಿನ ಈ ಕಡೆ ಎಷ್ಟೋ ಅಂಗಡಿಗಳಲ್ಲಿ ಚಿಪ್ಸ್ ಕರಿಯುವುದು ಬೀಫ್ ಡ್ರಿಪ್ಪಿಂಗ್‌ನಲ್ಲಿ, ಅಂದರೆ ದನದ ಕೊಬ್ಬಿನಲ್ಲಿ. ನನಗೆ ಇದು ಗೊತ್ತಾದದ್ದು ಒಂದು ಅಂಗಡಿಯಲ್ಲಿ ಅರ್ಧ ಪೊಟ್ಟಣ ತಿಂದ ಮೇಲೆ. ಅವತ್ತು ತುಂಬಾ ಸಂಕಟಪಟ್ಟೆ. ‘ಎಣ್ಣೆ ಯಾವುದು, ವೆಜಿಟೆಬಲ್ ಆಯಿಲ್ಲಾ?’ ಅಂತ ಮೊದಲೇ ಕೇಳು, ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಎಣ್ಣೆ ಸರಿ ಇದ್ದರೆ ಉಪ್ಪು, ವಿನೆಗರ್ ಹಾಕಿಸಿ ಬಿಸಿಬಿಸಿ ತಿನ್ನಿ. ಮಾತಾಡುತ್ತಾ ಪೊಟ್ಟಣ ಎತ್ತಿ ಹಿಡಿಯಬೇಡ, ಸೀಗಲ್ ಹಕ್ಕಿ ಹಿಂದಿನಿಂದ ಬಂದು ಕಸಿದುಕೊಂಡು ಹೋಗುತ್ತದೆ. ಮನೆಗೆ ಒಂದು ರಾಕ್ ತೆಗೆದುಕೋ. ಪುದೀನಾ ವಾಸನೆಯ ಸಕ್ಕರೆ ಕೋಲು, ಎಲ್ಲಿ ಮುರಿದರೂ ಒಳಗೆ ಊರಿನ ಹೆಸರು ಕಾಣುತ್ತದೆ.

ಮಗನಿಗೆ ಬೀಚಿನಲ್ಲಿ ಕತ್ತೆ ಸವಾರಿ ಇದೆ. ಶುಕ್ರವಾರ ಹೋಗಬೇಡ, ಅವತ್ತು ಕತ್ತೆಗಳಿಗೆ ರಜೆ.

ಮ್ಯಾಂಚೆಸ್ಟರ್‌ನ ಪಿಕಾಡಿಲಿ ಸ್ಟೇಷನ್‌ನಿಂದ ಬ್ಲ್ಯಾಕ್‌ಪೂಲ್ ನಾರ್ತ್ ಸ್ಟೇಷನ್‌ಗೆ ನೇರ ರೈಲಿದೆ, ಸುಮಾರು ಒಂದೂಕಾಲು ಗಂಟೆ. ಫ್ಯಾಮಿಲಿ ಅಂಡ್ ಫ್ರೆಂಡ್ಸ್ ರೈಲ್‌ಕಾರ್ಡ್ ಮಾಡಿಸು, ದೊಡ್ಡವರ ಟಿಕೆಟ್‌ನಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ, ಮಗನದರಲ್ಲಿ ಇನ್ನೂ ಜಾಸ್ತಿ. ಆಗಸ್ಟ್ ಕೊನೆಗೆ ಬ್ಲ್ಯಾಕ್‌ಪೂಲ್‌ನ ಅಲಂಕಾರದ ದೀಪಗಳೂ ಹತ್ತುತ್ತವೆ. 1879ರಲ್ಲಿ ಎಂಟು ದೀಪದಿಂದ ಶುರುವಾದದ್ದು, ಈಗ ಪ್ರಾಮ್ ಉದ್ದಕ್ಕೂ ಹತ್ತು ಕಿಲೋಮೀಟರ್. ಕತ್ತಲಾಗುವವರೆಗೆ ಇದ್ದು, ಟ್ರ್ಯಾಮ್‌ನಲ್ಲಿ ಕೂತು ನೋಡಿ.

ಮಾವನವರಿಗೆ ಮಫ್ಲರ್, ಅತ್ತೆಗೆ ಸೀರೆ ಕೆಳಗೆ ಉಣ್ಣೆ ಕಾಲುಚೀಲ ಮರೆಯಬೇಡ. ಅವರು ಬಂದ ಮೊದಲ ವಾರ ಸುಧಾರಿಸಿಕೊಳ್ಳಲಿ. ಆಮೇಲಿನ ಶನಿವಾರ ಆಗುತ್ತದಾ ಹೇಳು, ನಾನೂ ಬರುತ್ತೇನೆ. ಚಿತ್ರಾನ್ನ ನಾನು ಮಾಡಿ ತರುತ್ತೇನೆ, ನೀನು ಫ್ಲಾಸ್ಕ್‌ನಲ್ಲಿ ಚಹಾ ತಾ.