ಹೊಸ ಚೈನ್ ಸಾ ಒಂದು ಕಡೆಗೆ ಎಳೆಯುತ್ತದೆ, ಸೌದೆಯವರು ನೋಡಿ ನಗುತ್ತಾರೆ. ಏನು ಮಾಡಲಿ?

ಅಡಿಕೆ ಬೇಯಿಸುವ ಸೌದೆಗೆಂದು ಚಿಕ್ಕ ಪೆಟ್ರೋಲ್ ಚೈನ್ ಸಾ ತಗೊಂಡಿದ್ದೀರಿ. ಸ್ವಲ್ಪ ದಿನಕ್ಕೇ ಮೊಂಡಾಗಿದೆ, ಕೊಯ್ಯುವಾಗ ಒಂದು ಕಡೆಗೆ ವಾಲುತ್ತದೆ. ಸೌದೆ ಕೆಲಸಕ್ಕೆ ಬರುವವರು ಅದನ್ನು ನೋಡಿ ಏನೇನೋ ಹೇಳಿ ನಗುತ್ತಾರೆ. ಮೆಷಿನ್ನೇ ಸರಿಯಿಲ್ಲವಾ, ಇವರಿಗೆ ಹೊಟ್ಟೆಕಿಚ್ಚಾ ಅಂತ ನೀವು ಕೇಳಿದ್ದೀರಿ.

ಎರಡೂ ಇರಲಿಕ್ಕಿಲ್ಲ. ನಾನು ತೀರ್ಥಹಳ್ಳಿ ಕಡೆಯವನು. ಮಳೆಗಾಲಕ್ಕೆ ಮುಂಚೆ ನಮ್ಮಲ್ಲೂ ಸೌದೆ ಕೆಲಸ ಜೋರು. ಗ್ಯಾಂಗಿನವರ ಜೊತೆ ನಾನೂ ಮೆಷಿನ್ ಹಿಡಿಯುತ್ತೇನೆ. ನನ್ನ ಸಲಹೆ ಇಷ್ಟೇ: ಅವರು ಏನು ಹೇಳಿ ನಕ್ಕರು ಅಂತ ಸ್ವಲ್ಪ ಕಿವಿಗೊಟ್ಟು ಕೇಳಿ. ಮೆಷಿನ್ನಿನ ರೋಗ ಏನು ಅನ್ನೋದು ಅದರಲ್ಲೇ ಇರುತ್ತದೆ.

ನಮ್ಮ ಗ್ಯಾಂಗಿನಲ್ಲಿ ಹಿರಿಯರೊಬ್ಬರಿದ್ದಾರೆ. ಊರಿಗೆಲ್ಲ ಅವರು ಮಾವ. ಯಾರಾದರೂ ಹುಡುಗ ಹಲಸಿನ ದಿಮ್ಮಿ ಕೊಯ್ಯುವಾಗ ನುಣ್ಣಗೆ ಹಳದಿ ಪುಡಿ ಬೀಳತೊಡಗಿದರೆ ಸಾಕು, "ಏನು ಮಾರಾಯ, ಅರಿಶಿನ ಮಾಡ್ತಿದ್ಯಾ? ಮನೇಲಿ ಮದುವೆ ಇದ್ಯಾ?" ಅಂತ ಶುರು ಮಾಡುತ್ತಾರೆ. ಅಂದರೆ ಚೈನು ಮೊಂಡಾಗಿದೆ ಅಂತ. ಹರಿತವಾದ ಚೈನು ಮರವನ್ನು ಸಿಬಿರು ಸಿಬಿರಾಗಿ ಎಬ್ಬಿಸಿ ಎಸೆಯುತ್ತದೆ, ಮೊಂಡು ಚೈನು ಉಜ್ಜಿ ಹಿಟ್ಟು ಮಾಡುತ್ತದೆ. ಇನ್ನೊಂದು ಗುರುತು, ನೀವು ಮೆಷಿನ್ನನ್ನು ಒತ್ತಬೇಕಾಗುವುದು. ಹಲ್ಲು ಸರಿಯಿದ್ದರೆ ಅದರ ಭಾರಕ್ಕೇ ಅದು ಇಳಿಯುತ್ತದೆ. ಒತ್ತಿ ಒತ್ತಿ ಕೊಯ್ದರೆ ಎಂಜಿನ್ನೂ ಬಿಸಿ, ಚೈನು ಸುತ್ತುವ ಉದ್ದ ಪಟ್ಟಿ, ಅಂದರೆ ಬಾರೂ ಬಿಸಿ, ಸಂಜೆಗೆ ನಿಮ್ಮ ಸೊಂಟವೂ ಹೋಯಿತು.

ಈಗ ನಿಮ್ಮ ಮುಖ್ಯ ತೊಂದರೆ, ವಾಲುವುದು. ಇದಕ್ಕೆ ಮಾವನ ಡೈಲಾಗ್: "ಒಂದೇ ದಿಮ್ಮೀಲಿ ಆಗುಂಬೆಯ 14 ತಿರುವೂ ತೋರಿಸಿದ್ಯಲ್ಲೋ!"

ಚೈನನ್ನು ಬೆಳಕಿಗೆ ಹಿಡಿದು ನೋಡಿ. ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ, ಹೀಗೆ ಸಾಲಾಗಿ ಇರುತ್ತವೆ. ತುದಿ ಬಾಗಿದ ಈ ಹಲ್ಲಿನ ಹಿಂದೆ ಒಂದು ಹುಳದ ಕಥೆ ಇದೆ. ಅಮೆರಿಕದ ಆರೆಗಾನ್‌ನಲ್ಲಿ ಜೋ ಕಾಕ್ಸ್ ಅಂತ ಒಬ್ಬರು ಮರ ಕಡಿಯುವ ಕೆಲಸದಲ್ಲಿದ್ದರು. 1946ರಲ್ಲಿ ಮರ ಕೊರೆಯುವ ಜೀರುಂಡೆಯ ಮರಿಹುಳ ಅವರ ಕಣ್ಣಿಗೆ ಬಿತ್ತು. ಅದು ತನ್ನ ಬಾಗಿದ ಎರಡು ದವಡೆಯಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಚ್ಚುತ್ತಾ ಗಟ್ಟಿ ಮರದೊಳಗೆ ಸಲೀಸಾಗಿ ಹೋಗುತ್ತಿತ್ತು. ಅದನ್ನೇ ಉಕ್ಕಿನಲ್ಲಿ ಮಾಡಿ, ಮುಂದಿನ ವರ್ಷ ಚೈನ್ ಮಾರಲು ಶುರು ಮಾಡಿದರು. ಈಗಿನ ಚೈನುಗಳೆಲ್ಲ ಹೆಚ್ಚುಕಡಿಮೆ ಅದೇ ದಾರಿಯವು. ಕಾಂಡಕೊರಕದ ಕಾಟದಲ್ಲಿರುವ ಕಾಫಿ ತೋಟದವರಿಗೆ ಇದನ್ನು ಹೇಳಿದರೆ ಅಷ್ಟೇನೂ ಖುಷಿಪಡುವುದಿಲ್ಲ, ಅದು ಬೇರೆ ಮಾತು.

ಎಡದ ಹಲ್ಲೂ ಬಲದ ಹಲ್ಲೂ ಸಮ ಇದ್ದರೆ ಮಾತ್ರ ಕೊಯ್ತ ನೇರ. ಒಂದು ಬದಿಯವು ಹರಿತ ಅಥವಾ ಉದ್ದ ಇದ್ದರೆ ಬಾರ್ ಆ ಬದಿಗೇ ಎಳೆಯುತ್ತದೆ. ಬಲಗೈಯವರಿಗೆ ಒಂದು ಬದಿ ಮಸೆಯುವಾಗ ಕೈ ಚೆನ್ನಾಗಿ ಓಡುತ್ತದೆ, ಇನ್ನೊಂದು ಬದಿಗೆ ಬಂದಾಗ ಅರ ಅಡ್ಡಾದಿಡ್ಡಿ. ಮೆಷಿನ್ ತಂದ ಮೇಲೆ ನೀವೇ ಒಂದೆರಡು ಸಲ ಮಸೆದಿದ್ದರೆ ಮೊದಲ ಅನುಮಾನ ಇದೇ.

ಮಸೆಯುವ ಕ್ರಮ ಹೇಳುತ್ತೇನೆ. ಒಂದು ಕುಂಟೆಯಲ್ಲಿ ಸಣ್ಣ ಕಚ್ಚು ಮಾಡಿ ಬಾರನ್ನು ಅದರೊಳಗೆ ಗಟ್ಟಿಯಾಗಿ ಕೂರಿಸಿ. ಉರುಟು ಅರವೇ ಬೇಕು, ಅದೂ ನಿಮ್ಮ ಚೈನಿಗೆ ಹೊಂದುವ ದಪ್ಪದ್ದು. ಚಿಕ್ಕ ಮೆಷಿನ್‌ಗಳಲ್ಲಿ ಸಾಮಾನ್ಯವಾಗಿ 3/8 ಪಿಚ್ಚಿನ (ಪಿಚ್ ಅಂದರೆ ಚೈನಿನ ಕೊಂಡಿಗಳ ಅಂತರ, ಇಂಚಿನಲ್ಲಿ) ಲೋ ಪ್ರೊಫೈಲ್, ಅಂದರೆ ಗಿಡ್ಡ ಹಲ್ಲಿನ ಚೈನು ಇರುತ್ತದೆ, ಅದಕ್ಕೆ 4 ಮಿ.ಮೀ. ಅರ. 0.325 ಪಿಚ್ ಆದರೆ 4.8 ಮಿ.ಮೀ. ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ತರಬೇಡಿ. ಎಷ್ಟೋ ಹಲ್ಲಿನ ತಲೆಯ ಮೇಲೆ ಓರೆ ಗೆರೆಯೊಂದು ಇರುತ್ತದೆ, ಅದೇ ನಿಮ್ಮ ಕೋನ, ಹೆಚ್ಚಿನ ಚೈನಿಗೆ 30 ಡಿಗ್ರಿ. ಹಲ್ಲಿನ ಒಳಗಿನಿಂದ ಹೊರಕ್ಕೆ ಮಾತ್ರ ತಳ್ಳಿ. ವಾಪಸ್ ತರುವಾಗ ಅರವನ್ನು ಎತ್ತಿ, ಎಳೆದು ಉಜ್ಜಬೇಡಿ. ಶುರು ಮಾಡಿದ ಹಲ್ಲಿಗೆ ಮಾರ್ಕರಿನಿಂದ ಗುರುತು ಹಾಕಿ. ಒಂದಕ್ಕೆ ಮೂರು ಸಲ ತಳ್ಳಿದರೆ ಎಲ್ಲದಕ್ಕೂ ಮೂರೇ ಸಲ. ಒಂದು ಬದಿ ಮುಗಿಸಿ ಆಮೇಲೆ ಇನ್ನೊಂದು ಬದಿ. ನಿಮ್ಮ ಚೈನು ಈಗ ಹೆಚ್ಚುಕಡಿಮೆ ಆಗಿರುವುದರಿಂದ ಅತಿ ಗಿಡ್ಡ ಹಲ್ಲು ಯಾವುದು ಅಂತ ಹುಡುಕಿ, ಉಳಿದವನ್ನೆಲ್ಲ ಅದರ ಅಳತೆಗೆ ತನ್ನಿ. ಬೇಜಾರಿನ ಕೆಲಸವೇ. ಆದರೆ ಬೇರೆ ದಾರಿ ಇಲ್ಲ.

ಪ್ರತಿ ಹಲ್ಲಿನ ಮುಂದೆ ಗಿಡ್ಡ ಮೂಗಿನ ಥರದ್ದೊಂದು ಇದೆಯಲ್ಲ, ಅದಕ್ಕೆ ರೇಕರ್ ಅನ್ನುತ್ತಾರೆ. ಒಂದು ಹಲ್ಲು ಎಷ್ಟು ದಪ್ಪ ಕಚ್ಚಬೇಕು ಅಂತ ತೀರ್ಮಾನ ಮಾಡುವುದು ಅದು. ಹಲ್ಲು ಸವೆದ ಹಾಗೆ ಅದನ್ನೂ ತಗ್ಗಿಸಬೇಕು. ಹಲ್ಲಿಗಿಂತ ಸುಮಾರು 0.65 ಮಿ.ಮೀ. ಕೆಳಗಿದ್ದರೆ ಸರಿ. ನಾಲ್ಕೈದು ಸಲ ಮಸೆದ ಮೇಲೆ ಗೇಜ್ (ಎತ್ತರ ಅಳೆಯುವ ಪಟ್ಟಿ) ಇಟ್ಟು ಚಪ್ಪಟೆ ಅರದಿಂದ ಒಂದೆರಡು ಸಲ ಉಜ್ಜಿ. ಸುಮ್ನೆ ಅಂದಾಜಿನಲ್ಲಿ ಜಾಸ್ತಿ ತೆಗೆದರೆ ಮೆಷಿನ್ ಕುಪ್ಪಳಿಸಲು ಶುರು ಮಾಡುತ್ತದೆ, ಅಪಾಯ.

ಹಲ್ಲು ಸಮ ಮಾಡಿದ ಮೇಲೂ ವಾಲಿದರೆ ಬಾರ್ ನೋಡಿ. ಚೈನು ಕೂರುವ ಸಂದಿನ ಎರಡು ಅಂಚಿನಲ್ಲಿ ಒಂದು ಸವೆದು ತಗ್ಗಿರಬಹುದು. ಕೊಯ್ಯುವಾಗ ಬಾರಿನ ಕೆಳಬದಿಗೇ ಕೆಲಸ ಜಾಸ್ತಿ, ಅದಕ್ಕೇ ಆಗಾಗ ಮೇಲೆಕೆಳಗೆ ಮಾಡಿ ಹಾಕಬೇಕು. ಬಿಚ್ಚಿದಾಗ ಸಂದಿನ ಕೊಳೆಯನ್ನು ತೆಳುವಾದ ತಗಡಿನಿಂದ ಕೆರೆದು, ಎಣ್ಣೆ ಬರುವ ತೂತನ್ನೂ ಬಿಡಿಸಿ.

ಇನ್ನು ಚೈನು ಇಷ್ಟು ಬೇಗ ಮೊಂಡಾಗಿದ್ದು ಯಾಕೆ? "ಮರ ಕೊಯ್ದಿದ್ದು ಸಾಕು, ಉಳುಮೆ ನಾಳೆ ಮಾಡೋಣ" ಅಂತ ಯಾರಾದರೂ ಅಂದರಾ? ಅಂದಿದ್ದರೆ ಉತ್ತರ ಸಿಕ್ಕಿತು. ನೆಲದಲ್ಲಿ ಮಲಗಿದ ದಿಮ್ಮಿಯನ್ನು ಪೂರ್ತಿ ಕೊಯ್ಯುವಾಗ ಚೈನು ಕೊನೆಗೆ ಮಣ್ಣು ಮುಟ್ಟುತ್ತದೆ. ಒಂದು ಕ್ಷಣ ಸಾಕು, ಬೆಳಗ್ಗೆ ಮಸೆದಿದ್ದೆಲ್ಲ ದಂಡ. ಮುಕ್ಕಾಲು ಕೊಯ್ದು, ದಿಮ್ಮಿ ಉರುಳಿಸಿ ಇನ್ನೊಂದು ಕಡೆಯಿಂದ ಮುಗಿಸಿ, ಇಲ್ಲವೇ ಅಡಿಗೆ ತುಂಡು ಕೊಟ್ಟು ಎತ್ತರಿಸಿ. ಎಳೆದು ತಂದ ದಿಮ್ಮಿಯ ತೊಗಟೆಯಲ್ಲಿ ಮಣ್ಣು ಹತ್ತಿರುತ್ತದೆ, ಕೊಯ್ಯುವ ಜಾಗದಲ್ಲಿ ಕತ್ತಿಯಿಂದ ಕೆತ್ತಿ ತೆಗೆಯಿರಿ. ಬೇಲಿ ಸಾಲಿನ ಮರಗಳ ಬಗ್ಗೆ ಇನ್ನೂ ಹುಷಾರು. ಹಳೇ ಮುಳ್ಳುತಂತಿ, ಮೊಳೆ ಮರದೊಳಗೇ ಸೇರಿಕೊಂಡಿರುತ್ತವೆ. ಕೊಯ್ದ ಮೈಯಲ್ಲಿ ನೀಲಿಗಪ್ಪು ಕಲೆ ಕಂಡರೆ ಹತ್ತಿರದಲ್ಲೇ ಕಬ್ಬಿಣ ಇದೆ ಅಂತ ತಿಳಿಯಿರಿ. ಹಾಗೆಯೇ, ಒಣಗಿದ ಮತ್ತಿಗಿಂತ ಹಸಿ ಅಕೇಶಿಯಾ ಕೊಯ್ಯುವುದು ಚೈನಿಗೆ ಎಷ್ಟೋ ಸುಖ. ಹಸಿ ಇರುವಾಗಲೇ ಕೊಯ್ದು, ಒಡೆದು, ಒಣಗಿಸಿ.

ಎಣ್ಣೆ ವಿಷಯ. ಮೆಷಿನ್ನಿಗೆ ಎರಡು ಬೇರೆ ಬೇರೆ ಎಣ್ಣೆ. ಪೆಟ್ರೋಲಿಗೆ ಬೆರೆಸುವುದು 2ಟಿ ಆಯಿಲ್. ಡಬ್ಬಿ ಮೇಲೆ 50:1 ಅಂತ ಇದ್ದರೆ ಲೀಟರಿಗೆ 20 ಮಿ.ಲೀ., 25:1 ಅಂದರೆ 40. ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಇನ್ನೊಂದು ಟ್ಯಾಂಕಿಗೆ ಚೈನ್ ಆಯಿಲ್. ಗಾಡಿಯಿಂದ ಇಳಿಸಿದ ಹಳೇ ಎಂಜಿನ್ ಆಯಿಲ್ ಹಾಕುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ನಾನು ಬೇಡ ಅನ್ನುತ್ತೇನೆ. ಅದರಲ್ಲಿ ಲೋಹದ ಪುಡಿ ಇರುತ್ತದೆ, ಪಂಪು ಕೆಡುತ್ತದೆ, ಮೇಲಿಂದ ಅದೆಲ್ಲ ಕೊನೆಗೆ ಬೀಳುವುದು ನಿಮ್ಮ ತೋಟದ ಮಣ್ಣಿಗೆ. ಎಣ್ಣೆ ಬರುತ್ತಿದೆಯಾ ನೋಡಲು, ಕೊಯ್ದ ಕುಂಟೆಯ ಬಿಳಿ ಮೈ ಕಡೆಗೆ ಬಾರಿನ ತುದಿ ತೋರಿಸಿ, ಮುಟ್ಟಿಸದೆ ರೇಸ್ ಮಾಡಿ. ಎಣ್ಣೆಯ ಗೆರೆ ಬೀಳಬೇಕು.

ಚೈನು ಬಾರಿನ ಕೆಳಗೆ ಜೋತು ಬೀಳಬಾರದು, ಕೈಯಲ್ಲಿ ಎಳೆದರೆ ಸರಾಗ ಓಡಬೇಕು. ಗ್ಲೌಸ್ ಹಾಕಿ, ಎಂಜಿನ್ ಆಫ್ ಮಾಡಿ ನೋಡಿ. ಬಿಸಿಗೆ ಉದ್ದವಾಗುತ್ತದೆ, ಆಗ ಬಿಗಿ ಮಾಡುತ್ತೀರಿ. ಸಂಜೆ ಇಡುವ ಮುಂಚೆ ಮರೆಯದೆ ಸಡಿಲ ಮಾಡಿ. ತಣ್ಣಗಾದಾಗ ಅದು ಕುಗ್ಗಿ, ಒಳಗಿನ ಶಾಫ್ಟ್ ಬೇರಿಂಗಿಗೆ ಎಳೆತ ಕೊಡುತ್ತದೆ. ಏರ್ ಫಿಲ್ಟರ್ ದಿನಾ ಕೊಡವಿ. ಬೆರೆಸಿದ ಪೆಟ್ರೋಲನ್ನು ತಿಂಗಳುಗಟ್ಟಲೆ ಇಡಬೇಡಿ. ಈಗಿನ ಪೆಟ್ರೋಲಿನಲ್ಲಿ 20% ಎಥನಾಲ್, ಅದು ನೀರು ಎಳೆದುಕೊಳ್ಳುತ್ತದೆ. ನಮ್ಮ ಮಳೆಗಾಲದ ಗಾಳಿಯಲ್ಲಿ ಕೇಳಬೇಕಾ? ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಸ್ಟಾರ್ಟ್ ಮಾಡಿ, ತಾನಾಗಿ ನಿಲ್ಲುವವರೆಗೆ ಬಿಟ್ಟು ಆಮೇಲೆ ಎತ್ತಿಡಿ.

ತಮಾಷೆಗೆ ವಾಪಸ್ ಬರುತ್ತೇನೆ. ಇವರೆಲ್ಲ ಒಬ್ಬರನ್ನೊಬ್ಬರು ಹೀಗೇ ಕಾಡುತ್ತಾರೆ, ನಿಮ್ಮೊಬ್ಬರನ್ನೇ ಅಲ್ಲ. ಮಾವನ ಮೆಷಿನ್ ಬೆಳಗ್ಗೆ ಬೇಗ ಸ್ಟಾರ್ಟ್ ಆಗದಿದ್ದರೆ ಹುಡುಗರು, "ಮಾವ, ಹಗ್ಗ ಎಳೆದೇ ತಿಂಡಿ ಕರಗೋಯ್ತು, ಇನ್ನೊಂದು ರೊಟ್ಟಿ ತರಿಸ್ಲಾ?" ಅನ್ನುತ್ತಾರೆ. ಮಾವನ ಮೆಷಿನ್ ಎರವಲು ಕೇಳಿದರೆ, "ಬೈಕ್ ಬೇಕಾದ್ರೆ ತಗೊಂಡು ಹೋಗು, ಇದನ್ನ ಕೇಳ್ಬೇಡ" ಅನ್ನುತ್ತಾರೆ. ಇದು ತಮಾಷೆ ಅಲ್ಲ, ನಿಜವಾಗಿಯೂ ಕೊಡುವುದಿಲ್ಲ.

ಆದರೆ ಎಂಜಿನ್ ಶುರುವಾದ ಕೂಡಲೇ ಎಲ್ಲರ ಬಾಯಿ ಬಂದ್. ಹಿಂದಿನಿಂದ ಬಂದು ಹೆಗಲು ಮುಟ್ಟುವುದು, ಕೂಗಿ ಬೆಚ್ಚಿಬೀಳಿಸುವುದು ಯಾರೂ ಮಾಡುವುದಿಲ್ಲ. ಮಾಡಿದವನಿಗೆ ಮಾವ ಬೈಯುವ ಭಾಷೆ ಇಲ್ಲಿ ಬರೆಯುವಂಥದ್ದಲ್ಲ. ಬಾರಿನ ಮೂತಿಯ ಮೇಲಿನ ಭಾಗ ಏನಕ್ಕಾದರೂ ತಾಗಿದರೆ ಇಡೀ ಮೆಷಿನ್ ಮುಖದ ಕಡೆಗೆ ಚಿಮ್ಮುತ್ತದೆ. ಎರಡೂ ಕೈಯಲ್ಲಿ ಹೆಬ್ಬೆರಳು ಸುತ್ತಿ ಹಿಡಿಯಿರಿ, ಹೆಗಲಿನ ಮೇಲಕ್ಕೆ ಎತ್ತಿ ಕೊಯ್ಯಬೇಡಿ. ಸದ್ದು 100 ಡೆಸಿಬಲ್ ದಾಟುತ್ತದೆ, ಕಿವಿಗೆ ಮಫ್ ಹಾಕಿ. ಮಾವ ಹಾಕಿದವರಲ್ಲ. ಈಗ ಅವರಿಗೆ ಯಾವ ಜೋಕನ್ನೂ ಎರಡು ಸಲ ಹೇಳಬೇಕು.

ನಾಳೆ ನಿಮ್ಮ ಸೌದೆಯವರು ಬಂದಾಗ ಎಲೆಅಡಿಕೆ ತಟ್ಟೆ ಮುಂದಿಟ್ಟು, "ಒಂದು ಬದಿ ನೀವು ಮಸೆದು ತೋರಿಸಿ, ಇನ್ನೊಂದು ನಾನು ಮಾಡ್ತೀನಿ" ಅನ್ನಿ. ನಗುವುದು ನಿಲ್ಲಿಸುವುದಿಲ್ಲ, ಆದರೆ ಖಂಡಿತ ತೋರಿಸುತ್ತಾರೆ. ಬಾರಿನ ಬುಡದಲ್ಲಿ ಪಿಚ್ಚಿನ ನಂಬರ್ ಕೆತ್ತಿರುತ್ತದೆ. ಅದು ನಾನು ಹೇಳಿದ ಎರಡರಲ್ಲಿ ಯಾವುದೂ ಆಗಿಲ್ಲದಿದ್ದರೆ ಇಲ್ಲಿ ಬರೆಯಿರಿ, ಯಾವ ಅರ ತರಬೇಕು ಅಂತ ಹೇಳುತ್ತೇನೆ.