ಓದುಗರ ಪ್ರಶ್ನೆ: ತಂಗಡಿ ಗಿಡದ ಗುರುತು, ಬೀಜ, ಕತ್ತರಿ

ಪ್ರಶ್ನೆ: ನಮ್ಮ ಹೊಲದ ಬದುವಿನಲ್ಲಿ ಆಳೆತ್ತರದ ಪೊದೆಗಳಿವೆ. ಮಳೆ ಕೈಕೊಟ್ಟ ವರ್ಷವೂ ಹಸಿರಾಗಿರುತ್ತವೆ, ಹಳದಿ ಹೂ ಬಿಡುತ್ತವೆ. ಕೆಲವರು ತಂಗಡಿ ಅಂತಾರೆ, ಕೆಲವರು ಆವರಿಕೆ ಅಂತಾರೆ. ಪೇಟೆಯ ರಸ್ತೆ ಬದಿ ಮರಗಳಲ್ಲೂ ಇಂಥದೇ ಹೂ ಇದೆ. ಎಲ್ಲ ಒಂದೆಯೇ?
– ಚಳ್ಳಕೆರೆಯ ಓದುಗರು

ಉತ್ತರ: ತಂಗಡಿ, ಆವರಿಕೆ, ಹೊನ್ನಾವರಿಕೆ ಮೂರೂ ಒಂದೇ ಗಿಡದ ಹೆಸರು. ಶಾಸ್ತ್ರೀಯ ಹೆಸರು ಸೆನ್ನಾ ಆರಿಕ್ಯುಲೇಟ. ಹಳೆಯ ಪುಸ್ತಕಗಳಲ್ಲಿ ಕ್ಯಾಸಿಯಾ ಆರಿಕ್ಯುಲೇಟ ಎಂದಿರುತ್ತದೆ. ತೆಲಂಗಾಣದವರು ಬತುಕಮ್ಮ ಹಬ್ಬಕ್ಕೆ ಜೋಡಿಸುವ ತಂಗೇಡು ಹೂ ಇದೇ, ಅದು ಅವರ ರಾಜ್ಯಪುಷ್ಪವೂ ಹೌದು. ರಸ್ತೆ ಬದಿಯ ಮರ ಬೇರೆ.

ಹೂವನ್ನಷ್ಟೇ ನೋಡಿದರೆ ಮೋಸ ಹೋಗುತ್ತೀರಿ, ಈ ಬಳಗದಲ್ಲಿ ಹೆಚ್ಚಿನವು ಹಳದಿಯೇ. ಎಲೆಯ ಬುಡ ನೋಡಿ. ಎಲೆದಂಟು ಕೊಂಬೆಗೆ ಕೂಡುವಲ್ಲಿ ಎರಡೂ ಪಕ್ಕ ಕಿವಿಯ ಆಕಾರದ ಅಗಲವಾದ ಪುಟ್ಟ ಎಲೆಗಳು ಅಂಟಿಕೊಂಡಿರುತ್ತವೆ, ಬೇಗ ಉದುರುವುದಿಲ್ಲ. ‘ಆರಿಕ್ಯುಲೇಟ’ ಎಂದರೆ ಕಿವಿಯುಳ್ಳದ್ದು ಎಂದೇ ಅರ್ಥ. ದಂಟಿನ ಮೇಲೆ 8ರಿಂದ 12 ಜೊತೆ ಕಿರುಎಲೆಗಳು. ಪ್ರತಿ ಜೊತೆಯ ನಡುವೆ ಕಡ್ಡಿಯಂತೆ ನೆಟ್ಟಗೆ ನಿಂತ ಸಣ್ಣ ಗ್ರಂಥಿ. ಇವೆರಡೂ ಇದ್ದರೆ ತಂಗಡಿಯೇ. ಕಾಯಿ ಚಪ್ಪಟೆ, ಕಾಗದದಷ್ಟು ತೆಳು, 7ರಿಂದ 12 ಸೆಂ.ಮೀ. ಉದ್ದ.

ಮಳೆಗಾಲದಲ್ಲಿ ಮೊಣಕಾಲೆತ್ತರ ಏಳುವ ತಗಚೆಗೆ ಬರೀ ಮೂರು ಜೊತೆ ಕಿರುಎಲೆ. ರಸ್ತೆ ಬದಿಯ ಸೀಮೆ ತಂಗಡಿ ಮರದ ಎಲೆದಂಟಿನಲ್ಲಿ ಗ್ರಂಥಿಯಿಲ್ಲ, ಕಿವಿಯೂ ಇಲ್ಲ. ಹಳದಿ ಹೂವಿನದೇ ಇನ್ನೊಂದು ಮರ ಸೆನ್ನಾ ಸ್ಪೆಕ್ಟಾಬಿಲಿಸ್. ಬಂಡೀಪುರ, ನಾಗರಹೊಳೆ ಕಾಡುಗಳಿಗೆ ಅದು ದೊಡ್ಡ ಪಿಡುಗಾಗಿದೆ. ಅದರ ಕಾಯಿ ಉದ್ದ ಕೋಲಿನಂತೆ ದುಂಡಗಿರುತ್ತದೆ. ತಂಗಡಿ ಎಂದುಕೊಂಡು ಅದರ ಬೀಜ ತಂದು ಬಿತ್ತಬೇಡಿ.

ಪ್ರಶ್ನೆ: ಬೇಲಿಗೆಂದು 50 ಬೀಜ ಊರಿದೆ, ತಿಂಗಳಾದರೂ ಮೊಳೆತದ್ದು ನಾಲ್ಕೈದು. ಬದುವಿನಿಂದ ಕಿತ್ತು ತಂದು ನೆಟ್ಟ ಗಿಡಗಳೂ ವಾರದಲ್ಲಿ ಒಣಗಿದವು. ಎಲ್ಲಿ ತಪ್ಪಿದೆ?
– ಪಾವಗಡದ ಓದುಗರು

ಉತ್ತರ: ಬೀಜದ ಸಿಪ್ಪೆ ಗಟ್ಟಿ, ನೀರು ಒಳಗಿಳಿಯುವುದಿಲ್ಲ. ನೀರು ಕುದಿಸಿ ಒಲೆಯಿಂದ ಇಳಿಸಿ, ಐದು ನಿಮಿಷ ಬಿಟ್ಟು, ಬೀಜದ ಐದು ಪಟ್ಟು ನೀರಿಗೆ ಬೀಜ ಸುರಿದು ರಾತ್ರಿಯಿಡೀ ಬಿಡಿ. ಒಲೆಯ ಮೇಲಿಟ್ಟು ಬೀಜವನ್ನೇ ಕುದಿಸಿದರೆ ಮೊಳಕೆ ಸಾಯುತ್ತದೆ. ಬೆಳಗ್ಗೆ ಉಬ್ಬಿದವನ್ನು ಮಾತ್ರ ಬಿತ್ತಿ. ಉಬ್ಬದವನ್ನು ಮರಳುಕಾಗದದ ಮೇಲೆ ನಾಲ್ಕು ಸಲ ಉಜ್ಜಿ ಮತ್ತೆ ನೆನೆಹಾಕಿ. ಸೂಜಿ ಚುಚ್ಚಿದಂಥ ತೂತಿರುವ ಬೀಜದೊಳಗನ್ನು ಹುಳು ತಿಂದಿರುತ್ತದೆ, ಮೊದಲೇ ಆರಿಸಿ ಎಸೆಯಿರಿ. ಕಾಯಿ ಕಂದು ಬಣ್ಣಕ್ಕೆ ತಿರುಗಿದ ಕೂಡಲೇ ಕೊಯ್ದು, ಬೀಜ ಬಿಡಿಸಿ ಒಣಗಿಸಿದರೆ ಹುಳದ ಕಾಟ ಕಡಿಮೆ.

ಕಿತ್ತು ನೆಟ್ಟಾಗ ತಾಯಿಬೇರು ತುಂಡಾಗಿದೆ, ಗಿಡ ಒಣಗಲು ಅದೇ ಕಾರಣ. ಬರ ತಡೆಯುವ ಶಕ್ತಿ ಇರುವುದು ನೇರ ಕೆಳಗಿಳಿಯುವ ಆ ಬೇರಿನಲ್ಲೇ. ಆದ್ದರಿಂದ ಬೀಜವನ್ನು ಬೇಲಿಯ ಜಾಗದಲ್ಲೇ, ಒಂದೊಂದು ಗುಣಿಗೆ ಮೂರರಂತೆ, ಒಂದು ಸೆಂ.ಮೀ. ಆಳಕ್ಕೆ ಊರುವುದು ಒಳ್ಳೆಯದು. ಗುಣಿಯಿಂದ ಗುಣಿಗೆ ಎರಡು ಅಡಿ ಸಾಕು. ಚೀಲದಲ್ಲೇ ಬೆಳೆಸುವುದಾದರೆ ಎರಡು ಪಾಲು ಕೆಮ್ಮಣ್ಣಿಗೆ ಒಂದು ಪಾಲು ಮರಳು, ಒಂದು ಪಾಲು ಕಳಿತ ಗೊಬ್ಬರ ಬೆರೆಸಿ. ಬೇರು ಚೀಲದ ತಳದಲ್ಲಿ ಸುತ್ತಿಕೊಳ್ಳುವ ಮೊದಲೇ, ಮುಂಗಾರು ಹಿಡಿದಾಗ ನೆಡಿ. ನೀರು ನಿಲ್ಲುವ ತಗ್ಗು ಬೇಡ.

ಪ್ರಶ್ನೆ: ಮನೆಯಂಗಳದ ಗಿಡಕ್ಕೆ ಮೂರು ವರ್ಷ. ದಿನಾ ನೀರು, ತಿಂಗಳಿಗೊಮ್ಮೆ ಗೊಬ್ಬರ ಹಾಕುತ್ತೇನೆ. ಸೊಪ್ಪು ಬೇಕಾದಷ್ಟು, ಹೂವೇ ಇಲ್ಲ.
– ತುಮಕೂರಿನ ಓದುಗರು

ಉತ್ತರ: ಎರಡನ್ನೂ ನಿಲ್ಲಿಸಿ. ಬೇರೂರಿದ ಗಿಡಕ್ಕೆ ಮಳೆ ನೀರೇ ಸಾಕು. ಕಡು ಬೇಸಿಗೆಯಲ್ಲಿ ಎಲೆ ಬಾಡಿದರೆ ಮಾತ್ರ ಒಂದು ಕೊಡ ಹಾಕಿ. ದಿನವಿಡೀ ಬಿಸಿಲು ಬೀಳಬೇಕು, ಮರದ ನೆರಳಿದ್ದರೆ ಗಿಡ ಸೊರಗಿ ಉದ್ದವಾಗುತ್ತದೆ. ಹೂ ಬರುವುದು ಕೊಂಬೆಯ ತುದಿಗಳಲ್ಲಿ, ಹಾಗಾಗಿ ಮುಂಗಾರಿಗೆ ಮುಂಚೆ ಮೂರನೇ ಒಂದು ಭಾಗ ಕತ್ತರಿಸಿ. ಕವಲು ಹೆಚ್ಚಿದಷ್ಟೂ ತುದಿಗಳು ಹೆಚ್ಚು. ಮೊಗ್ಗು ಮೂಡಿದ ಮೇಲೆ ಕತ್ತರಿ ಹಾಕಿದರೆ ಆ ಸಲದ ಹೂ ಹೋದಂತೆಯೇ.

ಪ್ರಶ್ನೆ: ಎಲೆಗಳನ್ನು ಹಸಿರು ಹುಳುಗಳು ಮೇಯುತ್ತಿವೆ. ಯಾವ ಔಷಧಿ ಹೊಡೆಯಲಿ?
– ಕೊಪ್ಪಳದ ಓದುಗರು

ಉತ್ತರ: ಯಾವುದನ್ನೂ ಹೊಡೆಯಬೇಡಿ. ಅವು ಹೆಚ್ಚಾಗಿ ಚಿಟ್ಟೆಯ ಮರಿಹುಳುಗಳು. ತೆಳು ಹಳದಿ, ಹಸಿರುಬಿಳಿ ರೆಕ್ಕೆಯ ವಲಸೆ ಚಿಟ್ಟೆಗಳು ಮೊಟ್ಟೆಯಿಡುವುದು ಹೆಚ್ಚಾಗಿ ತಂಗಡಿ, ತಗಚೆ ಬಳಗದ ಗಿಡಗಳ ಮೇಲೆ. ಮೆದ್ದ ಎಲೆ ಮತ್ತೆ ಚಿಗುರುತ್ತದೆ, ಬಲಿತ ಗಿಡ ಇದರಿಂದ ಸಾಯುವುದಿಲ್ಲ. ವಿಷ ಹೊಡೆದರೆ ದುಂಬಿಗಳೂ ಹೋಗುತ್ತವೆ. ಈ ಹೂವಿನಲ್ಲಿ ಮಕರಂದವಿಲ್ಲ. ಪರಾಗವೂ ಕೇಸರದ ತುದಿಯ ಸಣ್ಣ ರಂಧ್ರದಿಂದಲೇ ಹೊರಬೀಳಬೇಕು. ಕಪ್ಪನೆಯ ದೊಡ್ಡ ಮರದುಂಬಿ ಹೂವನ್ನು ತಬ್ಬಿ ಗುಂಯ್‌ಗುಟ್ಟಿ ನಡುಗಿಸಿದಾಗ ಪರಾಗ ಉದುರುತ್ತದೆ. ದುಂಬಿ ಬಾರದಿದ್ದರೆ ಹೂ ತುಂಬಿದ ಗಿಡದಲ್ಲೂ ಕಾಯಿ ವಿರಳ, ಮುಂದಿನ ವರ್ಷದ ಬೇಲಿಗೆ ಬೀಜವೇ ಸಿಗದು.